ಪುಸ್ತಕ ಜೋಡಿಸುವ ಮುನ್ನ ಮಳೆಯನ್ನೂ ಕೇಳಿ

ಮಾನ್ಯರೇ,

ಪುಸ್ತಕಗಳನ್ನು ಬೆನ್ನಿನ ಬಣ್ಣ ನೋಡಿ ಕಾಮನಬಿಲ್ಲಿನಂತೆ ಜೋಡಿಸುವ ಚಾಳಿ ಈಗ ನಮ್ಮ ಕಡೆಯ ಮನೆಗಳಿಗೂ ಬಂದಿದೆ. ನೋಡಲು ಚೆಂದವೇ. ಆದರೆ ಬಿಸಿಲು ಬೀಳುವ ಕಪಾಟಿನಲ್ಲಿ ಮೊದಲು ಬಿಳಚಿಕೊಳ್ಳುವುದು ಕೆಂಪು, ಹಳದಿ ಶಾಯಿ. ನಾಲ್ಕಾರು ವರ್ಷಕ್ಕೆ ಕೆಂಪು ಸಾಲು ಮಾಸಿ, ಹಸಿರು ಸಾಲು ನೀಲಿಗೆ ತಿರುಗಿ ಕಾಮನಬಿಲ್ಲೇ ಕಲಸಿಹೋಗುತ್ತದೆ.

ಅಕಾರಾದಿಯೂ ಸಲೀಸಲ್ಲ. ಬೇಂದ್ರೆಯವರನ್ನು ‘ಬ’ದಲ್ಲಿಡಬೇಕೋ, ಅಂಬಿಕಾತನಯದತ್ತರೆಂದು ‘ಅ’ದಲ್ಲೋ? ಇನ್ನು ವಿಷಯಕ್ಕೊಂದು ಅಂಕಿ ಕೊಟ್ಟು ಜೋಡಿಸುವ ಗ್ರಂಥಾಲಯದ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯವೆಲ್ಲ 894.814ರ ಅಡಿ ಬರುತ್ತದೆ. ಕಥೆ, ಕವಿತೆ ಓದುವವರ ಮನೆಯ ಕಪಾಟು ಬಹುಪಾಲು ಅದೊಂದೇ ಅಂಕಿಯಲ್ಲಿ ಮುಗಿದುಬಿಡುತ್ತದೆ.

ಕಡೂರು, ಅರಸೀಕೆರೆ ಕಡೆ ಪುಸ್ತಕಕ್ಕೆ ಗೆದ್ದಲು, ದೂಳಿನ ಕಾಟ. ಮೂಡಿಗೆರೆ, ಶೃಂಗೇರಿ, ಸಕಲೇಶಪುರದಲ್ಲಿ ಬೂಷ್ಟು. ಗಾಳಿಯ ತೇವ ಶೇ 65–70 ದಾಟಿ ದಿನಗಟ್ಟಲೆ ನಿಂತರೆ ಅದು ಹಿಡಿದೇ ಹಿಡಿಯುತ್ತದೆ. ಹಾಗಾಗಿ ಮಲೆನಾಡಿನ ಕಪಾಟಿಗೆ ಹೊಂದುವುದು ಕಾಗದ ಮತ್ತು ಬೈಂಡಿಂಗ್ ನೋಡಿ ಜೋಡಿಸುವ ಕ್ರಮ.

ಚಿತ್ರಗಳಿರುವ ಆರ್ಟ್ ಪೇಪರ್ ಪುಸ್ತಕಗಳಿಗೆ ಎಲ್ಲಕ್ಕಿಂತ ಒಣಗಿದ ಜಾಗ ಬೇಕು. ಈ ಕಾಗದ ನೆನೆದು ಒಣಗಿತೆಂದರೆ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುತ್ತದೆ. ಮೈದಾ ಅಂಟು ಹಾಕಿದ ಹಳೆಯ ರಟ್ಟಿನ, ಕ್ಯಾಲಿಕೋ ಬಟ್ಟೆಯ ಬೈಂಡಿಂಗಿನವು ಕಣ್ಣಿನ ಮಟ್ಟದ ಒಂದೇ ಸಾಲಿನಲ್ಲಿರಲಿ. ಜಿರಲೆ, ಬೆಳ್ಳಿಹುಳ ಮುತ್ತುವುದು ಆ ಗಂಜಿಗೇ. ಹದಿನೈದು ದಿನಕ್ಕೊಮ್ಮೆ ಆ ಸಾಲೊಂದನ್ನು ನೋಡಿದರೆ ಸಾಕು. ನ್ಯೂಸ್‌ಪ್ರಿಂಟಿನ ಅಗ್ಗದ ಪುಸ್ತಕಗಳು ತಾವು ಹಳದಿಯಾಗುವುದಲ್ಲದೆ ಪಕ್ಕದ ಒಳ್ಳೆಯ ಕಾಗದಕ್ಕೂ ಕಲೆ ಹತ್ತಿಸುತ್ತವೆ, ಅವಕ್ಕೆ ಬೇರೆ ಮೂಲೆ. ಬರೀ ಅಂಟಿನಿಂದ ಕೂಡಿಸಿದ ದಪ್ಪ ಕಾದಂಬರಿಗಳನ್ನು ಓರೆಯಾಗಿ ನಿಲ್ಲಿಸಬೇಡಿ, ಬೆನ್ನು ತಿರುಚಿ ಹಾಳೆ ಉದುರುತ್ತವೆ. ಮೂರು ನಾಲ್ಕನ್ನು ಒಂದರ ಮೇಲೊಂದು ಮಲಗಿಸಿ.

ಈ ಕ್ರಮದಲ್ಲಿ ಒಬ್ಬನೇ ಲೇಖಕ ನಾಲ್ಕು ಕಡೆ ಚದುರುತ್ತಾನೆ, ನಿಜ. ಪ್ರತಿ ಪುಸ್ತಕದ ಕೊನೆಯ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ‘3–14’ ಎಂದು, ಅಂದರೆ ಮೂರನೇ ಸಾಲಿನ ಹದಿನಾಲ್ಕನೆಯದು ಎಂದು ಬರೆದು, ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿ ಲೇಖಕರ ಹೆಸರಿನೆದುರು ಇಳಿಸಿಕೊಳ್ಳಿ. ಬೆನ್ನಿಗೆ ಸೆಲ್ಲೋಟೇಪ್ ಹಚ್ಚಿ ಚೀಟಿ ಅಂಟಿಸುವುದು ಮಾತ್ರ ಬೇಡವೇ ಬೇಡ. ಅಂಟು ಕಂದಾಗಿ ಇಳಿದು, ತೆಗೆಯುವಾಗ ಮುಖಪುಟದ ಸಿಪ್ಪೆಯನ್ನೂ ಎಳೆದುಕೊಳ್ಳುತ್ತದೆ.

ಕಪಾಟು ಹೊರಗೋಡೆಯಿಂದ ಮೂರು ಇಂಚು, ಕೆಳಸಾಲು ನೆಲದಿಂದ ಆರು ಇಂಚಾದರೂ ದೂರವಿರಲಿ. ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿಯೂ ಆರಿದ್ರಾ ಮಳೆ ಹಿಡಿಯುವ ಮೊದಲು ಕೆಳಸಾಲು ಖಾಲಿ ಮಾಡುವುದು ಒಳ್ಳೆಯದು. ನುಸಿಗುಳಿಗೆ ಹುಳವನ್ನು ದೂರವಿಟ್ಟೀತು, ಬೂಷ್ಟನ್ನಲ್ಲ. ಬೂಷ್ಟು ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಒಳಕ್ಕೆ ಇಳಿಯುತ್ತದೆ. ಪುಸ್ತಕವನ್ನು ಅರೆತೆರೆದು ನೆರಳಿನ ಗಾಳಿಯಲ್ಲಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಮನೆಯ ಹೊರಗೆ ಉದುರಿಸಿ.

– ಬೈಂಡಿಂಗ್ ಕೆಲಸದವರು, ಚಿಕ್ಕಮಗಳೂರು