ಹಸಿರು ಫಲಕದ ಕಾರಿಗೂ ಅಷ್ಟೇ ರಸ್ತೆ ಬೇಕು

ಸಂಪಾದಕರಿಗೆ,

ಮಾನ್ಯರೇ,

ವಿದ್ಯುತ್ ಕಾರುಗಳು ಹೆಚ್ಚಿದಂತೆಲ್ಲ ನಗರ ಸಾರಿಗೆ ತಾನಾಗಿಯೇ ಸುಸ್ಥಿರವಾಗುತ್ತದೆ ಎಂಬ ಮಾತು ಈಚೆಗೆ ಸರ್ಕಾರಿ ಪ್ರಕಟಣೆಗಳಲ್ಲೂ ಕಾರಿನ ಜಾಹೀರಾತುಗಳಲ್ಲೂ ಒಂದೇ ಧಾಟಿಯಲ್ಲಿ ಕೇಳಿಬರುತ್ತಿದೆ. ಬೆಂಗಳೂರಿನಲ್ಲಿ ನಾಲ್ಕು ದಶಕ ಸಿಟಿ ಬಸ್ಸಿನಲ್ಲೇ ಓಡಾಡಿದ ನಾನು ಈ ಮಾತನ್ನು ಅರ್ಧದಷ್ಟು ಮಾತ್ರ ಒಪ್ಪಬಲ್ಲೆ.

ಕಳೆದ ವಾರ ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸಿಲ್ಕ್‌ ಬೋರ್ಡ್‌ ಜಂಕ್ಷನ್ನಿನಲ್ಲಿ ಕಿಕ್ಕಿರಿದ ಬಿಎಂಟಿಸಿ ಬಸ್ಸೊಂದರೊಳಗೆ ನಿಂತಿದ್ದೆ. ಅದು ವಿದ್ಯುತ್ ಬಸ್ಸು. ಎಂಜಿನ್ನಿನ ಗುಡುಗಾಗಲಿ ಕಾಲಡಿಯ ನಡುಕವಾಗಲಿ ಇಲ್ಲದ್ದರಿಂದ ನಿರ್ವಾಹಕರ ‘ಒಳಗಡೆ ಹೋಗ್ರೀ’ ಎಂಬ ಕೂಗು ಕೊನೆಯ ಸೀಟಿನವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು. ಮುಂದೆ ನಿಂತಿದ್ದ ನಾಲ್ಕು ಕಾರುಗಳಲ್ಲಿ ಎರಡಕ್ಕೆ ವಿದ್ಯುತ್ ವಾಹನದ ಗುರುತಾದ ಹಸಿರು ನಂಬರ್ ಪ್ಲೇಟ್. ಎರಡರಲ್ಲೂ ಸ್ಟೀರಿಂಗ್ ಹಿಡಿದವರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಐವತ್ತು ಅರವತ್ತು ಜನರನ್ನು ಹೊತ್ತ ವಿದ್ಯುತ್ ಬಸ್ಸು, ಒಬ್ಬೊಬ್ಬರನ್ನೇ ಹೊತ್ತ ವಿದ್ಯುತ್ ಕಾರುಗಳ ಹಿಂದೆ, ಮೂರು ಬಾರಿ ದೀಪ ಹಸಿರಾಗಿ ಮತ್ತೆ ಕೆಂಪಾಗುವವರೆಗೆ ಕಾಯಿತು. ಹೊಗೆ ಯಾವುದರಿಂದಲೂ ಬರಲಿಲ್ಲ, ನಿಜ.

ಆ ಹೊಗೆಯಿಲ್ಲದಿರುವಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಿಗ್ನಲ್ಲಿನಲ್ಲಿ ದಿನವಿಡೀ ನಿಲ್ಲುವ ಸಂಚಾರ ಪೊಲೀಸರಿಗೆ, ಹೂವು ಮಾರುವವರಿಗೆ ಅದರ ಬೆಲೆ ಗೊತ್ತು. ಕಾರಿಗೆ ಬೇಕಾದ ವಿದ್ಯುತ್ತನ್ನೂ ಹೊಗೆಯಿಲ್ಲದೆ ಪಡೆಯಲು ನಮ್ಮ ರಾಜ್ಯದಲ್ಲಿ ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕ್ ಇದೆ, ಶರಾವತಿಯ ಜಲವಿದ್ಯುತ್ತಿದೆ. ಆದರೆ ಹೆಚ್ಚಿನವರು ಕಾರನ್ನು ಚಾರ್ಜಿಗೆ ಹಾಕುವುದು ರಾತ್ರಿ, ಸೂರ್ಯ ಮುಳುಗಿದ ಮೇಲೆ, ರಾಯಚೂರಿನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲೂ ಉರಿಯುವ ಹೊತ್ತಿನಲ್ಲಿ. ಇನ್ನು ದೂಳಿನ ವಿಷಯ. ವಿದ್ಯುತ್ ಕಾರಿನಲ್ಲಿ ಮೋಟರೇ ವೇಗ ತಗ್ಗಿಸುವುದರಿಂದ ಬ್ರೇಕ್ ಸವೆಯುವುದು ಕಡಿಮೆ, ಆದರೆ ಬ್ಯಾಟರಿಯ ಭಾರಕ್ಕೆ ಟೈರ್ ಸವೆಯುವುದು ಹೆಚ್ಚು. ರಸ್ತೆಯಂಚಿನ ಮಣ್ಣಂತೂ ಚಕ್ರದಡಿಗೆ ಸಿಕ್ಕಿ ಮೊದಲಿನಂತೆಯೇ ಮೇಲೇಳುತ್ತದೆ.

ಬೆಂಗಳೂರಿಗೆ ವಿದ್ಯುತ್ ಕಾರು ಹೊಸದೇನಲ್ಲ. 2001ರಲ್ಲಿ ಇಲ್ಲಿಯೇ ತಯಾರಾಗಿ ರಸ್ತೆಗಿಳಿದ ರೇವಾ ಕಾರನ್ನು ಕಂಡವರಿಗೆ ಅದರ ಗಾತ್ರ ನೆನಪಿರಬಹುದು: ಎರಡೇ ಬಾಗಿಲು, ಉದ್ದ ಎರಡೂಮುಕ್ಕಾಲು ಮೀಟರಿಗೂ ಕಡಿಮೆ. ಅದನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬ. ಈಗ ಅನಿಸುವುದೇನೆಂದರೆ, ಈ ಊರಿನ ಇಕ್ಕಟ್ಟಿನ ರಸ್ತೆಗಳನ್ನು ಅರ್ಥ ಮಾಡಿಕೊಂಡಿದ್ದ ಕಾರು ಅದೊಂದೇ ಇರಬೇಕು. ಇಂದು ವಿದ್ಯುತ್ ಕಾರೆಂದು ಹೆಚ್ಚಾಗಿ ಮಾರಾಟವಾಗುತ್ತಿರುವುದು ನಾಲ್ಕು ಮೀಟರಿನ ಆಸುಪಾಸಿನ ಅಥವಾ ಅದನ್ನೂ ದಾಟಿದ, ಎತ್ತರದ, ಭಾರದ ಗಾಡಿಗಳು. ನಮ್ಮ ಬೀದಿಯಲ್ಲಿ ಅಂತಹದೊಂದು ಕಾರಿಗೆ ಮನೆಯೊಳಗೆ ಜಾಗವಿಲ್ಲದೆ, ಮಹಡಿಯ ಕಿಟಕಿಯಿಂದ ಇಳಿಬಿಟ್ಟ ವೈರು ಪಾದಚಾರಿ ಮಾರ್ಗವನ್ನು ಅಡ್ಡಲಾಗಿ ದಾಟಿ ಬರುತ್ತದೆ. ಸಂಜೆ ವಾಕಿಂಗ್ ಹೋಗುವ ವೃದ್ಧರು ಅದನ್ನು ಹಗ್ಗ ದಾಟುವಂತೆ ಕಾಲೆತ್ತಿ ದಾಟುತ್ತಾರೆ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ಮೀರಿದೆ. ಅವುಗಳಲ್ಲಿನ ಕಾರುಗಳೆಲ್ಲ ನಾಳೆಯೇ ಬ್ಯಾಟರಿಯಿಂದ ಓಡಿದರೂ ನಿಲ್ಲಲು ಬೇಕಾದ ಜಾಗ ಒಂದಡಿಯೂ ಕಡಿಮೆಯಾಗುವುದಿಲ್ಲ. ಹೀಗಿರುವಾಗ ಸಾರ್ವಜನಿಕ ಹಣ ಯಾವುದಕ್ಕೆ ಹರಿಯಬೇಕು ಎಂಬುದೇ ನನ್ನ ತಕರಾರಿನ ವಿಷಯ. ವಿದ್ಯುತ್ ವಾಹನಗಳನ್ನು ಉತ್ತೇಜಿಸುವ ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯು ಖಾಸಗಿ ಕಾರುಗಳನ್ನು ಸಹಾಯಧನದಿಂದ ಹೊರಗಿಟ್ಟು ಬಸ್ಸುಗಳಿಗೆ ಹಣ ತೆಗೆದಿರಿಸಿದ್ದು ವಿವೇಕದ ನಡೆ. ಆದರೆ ತೆರಿಗೆಯ ರೂಪದಲ್ಲಿ ಬಿಟ್ಟುಕೊಟ್ಟದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ? ವಿದ್ಯುತ್ ಕಾರಿಗೆ, ಬೆಲೆ ಎಷ್ಟೇ ಇರಲಿ, ಜಿಎಸ್‌ಟಿ ಶೇ 5 ಮಾತ್ರ. ರಾಜ್ಯ ಸರ್ಕಾರವು ಅವಕ್ಕೆ ನೀಡಿದ್ದ ರಸ್ತೆ ತೆರಿಗೆ ವಿನಾಯಿತಿಯನ್ನು 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ಕಾರುಗಳಿಗಷ್ಟೇ ಹಿಂತೆಗೆದುಕೊಂಡಿತು. ಮರುವರ್ಷವೇ, 2025ರ ಜನವರಿಯಲ್ಲಿ, ಬಸ್ ಪ್ರಯಾಣ ದರ ಶೇ 15ರಷ್ಟು ಏರಿತು. ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಇಪ್ಪತ್ತು ಲಕ್ಷದ ಕಾರು ಕೊಳ್ಳುವವರಿಗೆ ರಿಯಾಯಿತಿ ಕೊಟ್ಟು, ಕಚೇರಿಗಳಿಗೆ ದಿನವೂ ಮೆಟ್ರೊ ಹಿಡಿದು ಹೋಗುವ ಭದ್ರತಾ ಸಿಬ್ಬಂದಿಯಿಂದ ಹೆಚ್ಚು ವಸೂಲು ಮಾಡುವ ಈ ಲೆಕ್ಕಾಚಾರಕ್ಕೆ ಹಸಿರು ಸಾರಿಗೆಯ ಹೆಸರು ಹೊಂದುವುದಿಲ್ಲ.

2019ರಲ್ಲಿ ಸಿಲ್ಕ್‌ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ರಸ್ತೆಯ ಅಂಚಿನಲ್ಲಿ ಗೂಟಗಳನ್ನು ನೆಟ್ಟು ಬಸ್ ಆದ್ಯತಾ ಪಥವನ್ನು ಮಾಡಿದ್ದರು. ಪಕ್ಕದಲ್ಲಿ ಕಾರುಗಳು ನಿಂತಿರುವಾಗ ಬಸ್ಸು ಸರಾಗವಾಗಿ ಹೋಗುವುದನ್ನು ಈ ಊರಿನಲ್ಲಿ ನಾನು ಕಂಡದ್ದು ಆಗ ಮಾತ್ರ. ಅನಂತರ ಮೆಟ್ರೊ ಕಾಮಗಾರಿಗೆ ರಸ್ತೆ ಬೇಕಾಯಿತು, ಪಥ ಹೋಯಿತು. ಅದಕ್ಕೆ ಯಾರನ್ನೂ ದೂರಲಾರೆ. ಕಾಮಗಾರಿ ಮುಗಿದು ತಡೆಬೇಲಿಗಳು ತೆರವಾಗುವ ದಿನ, ಮರಳಿ ಸಿಗುವ ಆ ಜಾಗವನ್ನು ಮೊದಲು ಬಸ್ಸಿಗೆ ಬಿಟ್ಟುಕೊಡುವುದಾಗಿ ಸರ್ಕಾರ ಈಗಲೇ ಲಿಖಿತವಾಗಿ ಪ್ರಕಟಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ನಿವೃತ್ತ ಬ್ಯಾಂಕ್ ನೌಕರ
ಬನಶಂಕರಿ, ಬೆಂಗಳೂರು