ಮಗಳಿಗೊಂದು ಪತ್ರ: ಲಂಡನ್ನಿನಲ್ಲಿ ತೋಟಕ್ಕೂ ಒಂದು ದಿನ ಇಡು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಲಂಡನ್ ಪ್ರವಾಸದ ಪಟ್ಟಿ ನೋಡಿದೆ. ಅರಮನೆ, ಮ್ಯೂಸಿಯಂ, ಸೇತುವೆ, ಅಂಗಡಿ ಬೀದಿ ಎಲ್ಲಾ ಇದೆ. ತೋಟ ಮಾತ್ರ ಒಂದೂ ಇಲ್ಲ. ಅಲ್ಲಿನ ಹೆಸರಾಂತ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ಗೆ ಪೂರ್ತಿ ಒಂದು ದಿನ ಇಡು ಅಂತ ಹೇಳೋಕೇ ಈ ಪತ್ರ.

ಬೆಂಗಳೂರಿನವರಿಗೆ ಕ್ಯೂ ಹೊರಗಿನದಲ್ಲ. ನೀನು ಓಡಾಡಿ ಬೆಳೆದ ಲಾಲ್‌ಬಾಗನ್ನು ಬೆಳೆಸಿದವರಲ್ಲಿ ಅಲ್ಲಿ ಪಳಗಿದ ಕೈಗಳೂ ಇವೆ. 1874ರಲ್ಲಿ ಲಾಲ್‌ಬಾಗ್‌ನ ಹೊಣೆ ಹೊತ್ತ ಜಾನ್ ಕ್ಯಾಮರಾನ್ ಕ್ಯೂನಿಂದ ಬಂದವರು. ನಾವು ಹುಳಿಗೂ ಪಲ್ಯಕ್ಕೂ ಹಾಕುವ ಸೀಮೆಬದನೆಕಾಯಿ ನಮ್ಮ ಕಡೆ ಬಂದಿದ್ದು ಅವರ ಕಾಲದಲ್ಲೇ. ಅವರ ನಂತರ 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್ ಕೂಡ ಕ್ಯೂನಲ್ಲಿ ಕೆಲಸ ಮಾಡಿದವರೇ. ನಮ್ಮ ಬೀದಿಗಳಲ್ಲಿ ಒಂದಾದ ಮೇಲೊಂದು ಮರ ಹೂ ಬಿಡ್ತಾವಲ್ಲ, ಅದರ ಹಿಂದೆ ಅವರ ಯೋಚನೆ ಇದೆ.

ಕ್ಯೂನಲ್ಲಿ 1848ರಲ್ಲಿ ಕಟ್ಟಿ ಮುಗಿಸಿದ ಪಾಮ್ ಹೌಸ್ ಅನ್ನೋ ದೊಡ್ಡ ಗಾಜಿನ ಮನೆ ಇದೆ. ರಿಪೇರಿಗೆ ಮುಚ್ಚಿಲ್ಲ ತಾನೇ ಅಂತ ಮೊದಲೇ ನೋಡಿಕೋ. ಒಳಗೆ ಹೋದರೆ ಹೊರಗಿನ ಚಳಿ ಮರೆತೇ ಹೋಗುತ್ತದೆ, ಅಷ್ಟು ಬಿಸಿ, ಅಷ್ಟು ತೇವ. ಅಲ್ಲಿರುವ ಒಂದು ಸೈಕಾಡ್ ಗಿಡವನ್ನು, ನೋಡೋಕೆ ತಾಳೆಯ ಹಾಗಿರುತ್ತೆ, ಹುಡುಕಿ ನೋಡು. ಕ್ಯೂಗಾಗಿ ಗಿಡ ಹುಡುಕಿ ತರುತ್ತಿದ್ದ ಫ್ರಾನ್ಸಿಸ್ ಮ್ಯಾಸನ್ ಅನ್ನುವವರು 1775ರಲ್ಲಿ ದಕ್ಷಿಣ ಆಫ್ರಿಕಾದಿಂದ ಹಡಗಿನಲ್ಲಿ ತಂದದ್ದು. ಇನ್ನೂ ಕುಂಡದಲ್ಲೇ ಇದೆ! ಕಾಂಡ ವಾಲಿದೆ, ಅದಕ್ಕೆ ಆಸರೆ ಕೊಟ್ಟು ನಿಲ್ಲಿಸಿದ್ದಾರೆ. ಎಷ್ಟು ಜನ ಮಾಲಿಗಳು ಅದಕ್ಕೆ ನೀರು ಹಾಕಿರಬೇಕು, ಎಷ್ಟು ಸಲ ಕುಂಡ ಬದಲಿಸಿರಬೇಕು ಯೋಚಿಸು. ಅದರ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತುಕೋ. ಫೋಟೋ ಆಮೇಲೆ.

ತೋಟ ನೋಡೋಕೆ ತಿಂಗಳು ಮುಖ್ಯ. ಮ್ಯೂಸಿಯಂ ಜನವರಿಯಲ್ಲೂ ಒಂದೇ, ಜೂನ್‌ನಲ್ಲೂ ಒಂದೇ. ತೋಟ ಹಾಗಲ್ಲ. ಏಪ್ರಿಲ್ ಕೊನೆಗೆ ಹೋದರೆ ಮರಗಳ ಕೆಳಗೆಲ್ಲಾ ನೀಲಿ ಬ್ಲೂಬೆಲ್ ಹೂ ಹಾಸಿರುತ್ತದೆ. ಗುಲಾಬಿ ಬೇಕಂದ್ರೆ ಜೂನ್. ಟಿಕೆಟ್ ಕೊಳ್ಳುವ ಮೊದಲು ತೋಟ ಮುಚ್ಚುವ ಹೊತ್ತನ್ನೂ ನೋಡು, ಚಳಿಗಾಲದಲ್ಲಿ ಬೇಗ ಮುಚ್ಚುತ್ತಾರೆ.

ಇನ್ನೊಂದು ವಿಷಯ. ಇಂಗ್ಲೆಂಡಿನಲ್ಲಿ 1927ರಿಂದ ಒಂದು ಒಳ್ಳೆ ಪದ್ಧತಿ ಇದೆ. ಮನೆಯವರು ವರ್ಷದಲ್ಲಿ ಕೆಲವು ದಿನ ತಮ್ಮ ಸ್ವಂತ ಕೈತೋಟವನ್ನು ಎಲ್ಲರಿಗೂ ತೆರೆದಿಡುತ್ತಾರೆ. ನ್ಯಾಷನಲ್ ಗಾರ್ಡನ್ ಸ್ಕೀಮ್ ಅಂತ ಹೆಸರು. ಸೇರುವ ಹಣ ರೋಗಿಗಳ ಆರೈಕೆಯಂಥ ಕೆಲಸಗಳಿಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಟೀ, ಕೇಕ್ ಕೂಡ ಇರುತ್ತೆ. ನೀನಿರುವ ಕಡೆ ಯಾವುದಾದರೂ ತೆರೆದಿದ್ದರೆ ಖಂಡಿತ ಹೋಗು. ಗಿಡದ ಬಗ್ಗೆ ಒಂದು ಪ್ರಶ್ನೆ ಕೇಳು, ಸಾಕು. ಆ ಊರಿನವರ ಜೊತೆ ಮಾತು ತಾನಾಗಿಯೇ ಬೆಳೆಯುತ್ತದೆ. ದೊಡ್ಡ ದೊಡ್ಡ ಜಾಗಗಳಲ್ಲಿ ಈ ಮಾತುಕತೆ ಎಲ್ಲಿ ಸಿಗಬೇಕು?

ಬೀಜ, ಗೆಡ್ಡೆ ಮಾತ್ರ ನನಗಾಗಿ ಬ್ಯಾಗಿಗೆ ಹಾಕಿಕೊಂಡು ಬರಬೇಡ. ಅನುಮತಿ ಪತ್ರ, ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಇಲ್ಲದೆ ಅವನ್ನು ದೇಶದೊಳಗೆ ತರುವ ಹಾಗಿಲ್ಲ. ನಿನಗೆ ಹಿಡಿಸಿದ ಗಿಡಗಳ ಹೆಸರಿನ ಫಲಕದ ಫೋಟೋ ಕಳಿಸು. ಇಲ್ಲಿನ ನರ್ಸರಿಯಲ್ಲಿ ಸಿಗುತ್ತಾ ನಾನು ವಿಚಾರಿಸ್ತೀನಿ.

ಪ್ರೀತಿಯಿಂದ,
ಅಮ್ಮ