ಶ್ರೀರಂಗಪಟ್ಟಣದಿಂದ ಕಳವಾದ ವಜ್ರ

ಮಾನ್ಯ ಸಂಪಾದಕರೇ,

ವಿಲ್ಕಿ ಕಾಲಿನ್ಸ್ 1868ರಲ್ಲಿ ಬರೆದ ಪತ್ತೇದಾರಿ ಕಾದಂಬರಿ ‘ದಿ ಮೂನ್‌ಸ್ಟೋನ್’ ಕುರಿತು ನಮ್ಮ ಓದುಗರ ಬಳಗದಲ್ಲಿ ಎದ್ದ ಭಿನ್ನಾಭಿಪ್ರಾಯ ಇನ್ನೂ ಬಗೆಹರಿದಿಲ್ಲ. ವೃದ್ಧ ಸೇವಕ ಬೆಟರೆಡ್ಜ್‌ನ ನಿಧಾನದ ನಿರೂಪಣೆ ಕೆಲವರಿಗೆ ಬೇಸರ ತರಿಸಿತು. ನನಗಂತೂ ಕಾದಂಬರಿಯ ಜೀವವಿರುವುದೇ ಅವನ ಮಾತಿನಲ್ಲಿ.

ನಿಜವಾದ ವಾಗ್ವಾದ ನಡೆದದ್ದು ವಜ್ರವನ್ನು ಅರಸಿ ಇಂಗ್ಲೆಂಡಿಗೆ ಬರುವ ಮೂವರು ಭಾರತೀಯರ ಚಿತ್ರಣದ ಬಗ್ಗೆ. ಅವರು ಹೆಸರಿಲ್ಲದೆ, ಶ್ರೀಮಂತರ ಮನೆಯೊಂದರ ಸುತ್ತ ಸುಳಿಯುವ ನೆರಳುಗಳಾಗಿಯೇ ಉಳಿಯುತ್ತಾರೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೆ 1857ರ ದಂಗೆಯ ಕಹಿ ಇಂಗ್ಲೆಂಡಿನಲ್ಲಿ ಇನ್ನೂ ಆರದಿದ್ದ ಕಾಲದಲ್ಲಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಶಸ್ತ್ರಾಗಾರದಲ್ಲಿ ಕೊಲೆ ಮಾಡಿ ವಜ್ರವನ್ನು ಅಪಹರಿಸಿದವನು ಬ್ರಿಟಿಷ್ ಅಧಿಕಾರಿಯೇ ಎಂಬುದನ್ನು ಪೀಠಿಕೆಯಲ್ಲೇ ಸೂಚಿಸಿ, ಕೊನೆಗೆ ಅದನ್ನು ಕಾಠಿಯಾವಾಡದ ಚಂದ್ರದೇವನ ವಿಗ್ರಹಕ್ಕೇ ಮರಳಿಸಿದ ಲೇಖಕನ ನ್ಯಾಯಪ್ರಜ್ಞೆಯನ್ನು ಕಡೆಗಣಿಸಲಾಗದು. ದೇವರ ಸೇವೆಗಾಗಿ ಜಾತಿಯನ್ನೇ ತೊರೆದ ಆ ಮೂವರು ಕಡೆಯಲ್ಲಿ ಒಬ್ಬರನ್ನೊಬ್ಬರು ಶಾಶ್ವತವಾಗಿ ಅಗಲಿ ಹೋಗುವ ಪ್ರಸಂಗದಲ್ಲಿ ಅವರಿಗೆ ಕಾಲಿನ್ಸ್ ಸಲ್ಲಿಸುವ ಗೌರವ, ಪತ್ತೇದಾರ ಕಫ್‌ಗೂ ಸಿಕ್ಕಿಲ್ಲ.

ಮೈಸೂರು, ಮಂಡ್ಯ ಭಾಗದ ವಾಚನಾಲಯಗಳು ಈ ಕೃತಿಯನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಮೈಸೂರು